ಸೋತರೂ ಒಂದು ಅಂಕ

ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ ‘ಪಾಪ, ಬಂದು ಕೂತು ಬರೆದನಲ್ಲ’ ಎಂದು ಯಾರೂ ಒಂದು ಅಂಕ ಕೊಡುವುದಿಲ್ಲ. ಬ್ಯಾಸ್ಕೆಟ್‌ಬಾಲಿನಲ್ಲಿ ಕೊಡುತ್ತಾರೆ. ಲೀಗ್ ಪದ್ಧತಿಯ ಪಂದ್ಯಾವಳಿಯಲ್ಲಿ ಗೆದ್ದ ತಂಡಕ್ಕೆ 2 ಅಂಕ, ಸೋತ ತಂಡಕ್ಕೆ 1. ಹಾಗಾದರೆ ಸೊನ್ನೆ ಯಾರಿಗೆ? ಅಂಕಣಕ್ಕೇ ಇಳಿಯದೆ ಪಂದ್ಯ ಬಿಟ್ಟುಕೊಟ್ಟವರಿಗೆ. ಇದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ. ಫುಟ್‌ಬಾಲಿನ ಲೀಗ್ ಪಟ್ಟಿಯಲ್ಲಿ ಸೋತವರ ಪಾಲಿಗೆ ಸೊನ್ನೆಯೇ ಗತಿ.

ಈ ಒಂದು ಅಂಕದ ವಿಚಾರ ಈಗೇಕೆ ಬಂತೆಂದರೆ, ನಮ್ಮ ಜಿಲ್ಲೆಯ ಮಕ್ಕಳಿಗೆ ಸೋತು ಮತ್ತೆ ಆಡುವ ಅವಕಾಶವೇ ಸಿಗುತ್ತಿಲ್ಲ. ಶಾಲಾ ಕ್ರೀಡಾಕೂಟಗಳ ದಾರಿ ನಿಮಗೆಲ್ಲ ಗೊತ್ತಿರುವುದೇ: ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಎರಡು ಮೂರು ದಿನದಲ್ಲಿ ಎಲ್ಲ ಆಟ ಮುಗಿಸಬೇಕಾದ್ದರಿಂದ ಗುಂಪು ಆಟಗಳನ್ನು ಸಾಮಾನ್ಯವಾಗಿ ನಾಕೌಟ್ ಪದ್ಧತಿಯಲ್ಲೇ ನಡೆಸುತ್ತಾರೆ. ಒಮ್ಮೆ ಸೋತರೆ ಗಂಟುಮೂಟೆ ಕಟ್ಟುವುದು. ಲೆಕ್ಕ ಹಾಕಿ ನೋಡಿ. 16 ತಂಡ ಬಂದರೆ ಒಟ್ಟು 15 ಪಂದ್ಯ. ಅದರಲ್ಲಿ 8 ತಂಡಗಳು ಒಂದೇ ಪಂದ್ಯ ಆಡಿ ಬಸ್ಸು ಹತ್ತುತ್ತವೆ. ಎಂಟು, ಒಂಬತ್ತು, ಹತ್ತನೇ ತರಗತಿ ಸೇರಿ ಮೂರು ವರ್ಷ ಶಾಲೆಯ ತಂಡದಲ್ಲಿದ್ದ ಹುಡುಗಿ ಪ್ರತಿ ವರ್ಷ ಮೊದಲ ಸುತ್ತಿನಲ್ಲೇ ಸೋತಳೆನ್ನಿ. ಅವಳು ಆಡಿದ್ದು ಮೂರು ಪಂದ್ಯ. ಪಂದ್ಯಕ್ಕೆ 40 ನಿಮಿಷದಂತೆ 120 ನಿಮಿಷ. ಒಂದು ಕನ್ನಡ ಸಿನಿಮಾದಷ್ಟೂ ಆಗಲಿಲ್ಲ.

ಗೆದ್ದವರ ಕಥೆಯೂ ಅಷ್ಟೇನೂ ಸುಖದ್ದಲ್ಲ. ಚಿತ್ರದುರ್ಗ ಜಿಲ್ಲೆ ಬೆಂಗಳೂರು ವಿಭಾಗಕ್ಕೆ ಸೇರಿದ್ದು. ಇಲ್ಲಿ ಗೆದ್ದು ವಿಭಾಗ ಮಟ್ಟಕ್ಕೆ ಹೋದ ಮಕ್ಕಳು ಅಲ್ಲಿ ರಾಜಧಾನಿಯ ಮಕ್ಕಳಿಗೆ ಎದುರಾಗಬೇಕು. ಬೆಂಗಳೂರಿನಲ್ಲಿ ಬೀಗಲ್ಸ್‌ನಂಥ ಹೆಸರಾದ ಕ್ಲಬ್ಬುಗಳಿವೆ, ವಿದ್ಯಾನಗರದಲ್ಲಿ ಸರ್ಕಾರದ ಕ್ರೀಡಾ ವಸತಿ ನಿಲಯವಿದೆ. ಅಲ್ಲಿನ ಮಕ್ಕಳು ವರ್ಷವಿಡೀ ಆಡುತ್ತಾರೆ. ಹೀಗಾಗಿ ನಮ್ಮವರು ನಿಜವಾದ ಬಲಿಷ್ಠ ತಂಡವನ್ನು ಮೊದಲ ಬಾರಿ ಕಣ್ಣಾರೆ ಕಾಣುವುದೂ ಕೂಟದಿಂದ ಹೊರಬೀಳುವುದೂ ಒಂದೇ ದಿನ. ಆ ಸೋಲಿನಿಂದ ಕಲಿತದ್ದನ್ನು ಬಳಸಲು ಮರುದಿನ ಪಂದ್ಯವೇ ಇರುವುದಿಲ್ಲ. ಹತ್ತನೇ ತರಗತಿಯವರಾದರೆ ಮರುವರ್ಷವೂ ಇಲ್ಲ.

ಇದೇ ತೊಂದರೆ ದೇಶದ ತಂಡಗಳಿಗೂ ಉಂಟು. ಏಷ್ಯಾ ಕಪ್ಪೋ ಒಲಿಂಪಿಕ್ಸೋ ಬಂತೆಂದರೆ ತಪ್ಪು ಮಾಡಿ ತಿದ್ದಿಕೊಳ್ಳಲು ಅಲ್ಲಿ ಪುರುಸೊತ್ತಿಲ್ಲ. ಶಿಬಿರದಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿದರೂ ಅಲ್ಲಿ ಎದುರಿಗಿರುವವರು ತಮ್ಮದೇ ತಂಡದ ಗೆಳೆಯರು. ಅವರ ಒಂದೊಂದು ಚಾಲೂ ಬಾಯಿಪಾಠ. ಅದಕ್ಕೆ ಬ್ಯಾಸ್ಕೆಟ್‌ಬಾಲ್ ಜಗತ್ತು ಕಂಡುಕೊಂಡ ಉಪಾಯವೇ ಆಹ್ವಾನಿತ ತಂಡಗಳ ಪಂದ್ಯಾವಳಿ. ಇದಕ್ಕೆ ಅರ್ಹತಾ ಸುತ್ತು ಇಲ್ಲ. ನಡೆಸುವವರು ತಮಗೆ ಬೇಕಾದ ತಂಡಗಳಿಗೆ ಪತ್ರ ಬರೆದು ಕರೆಯುತ್ತಾರೆ. ನಮಗಿಂತ ಜೋರಾದವರು ಒಂದಿಬ್ಬರು, ಸರಿಸಮಾನರು ಒಂದಿಬ್ಬರು ಇರುವಂತೆ ನೋಡಿಕೊಳ್ಳುತ್ತಾರೆ. ಎಲ್ಲರೂ ಎಲ್ಲರೊಡನೆ ಆಡುತ್ತಾರೆ. ಸೋತರೆ ಪದಕ ಹೋಗಬಹುದು, ಮುಂದಿನ ದೊಡ್ಡ ಕೂಟದ ಬಾಗಿಲು ಮುಚ್ಚುವುದಿಲ್ಲ.

ಏಷ್ಯಾದಲ್ಲಿ ಇಂಥದ್ದರಲ್ಲಿ ಹೆಸರುವಾಸಿಯಾದದ್ದು ತೈವಾನಿನ ವಿಲಿಯಂ ಜೋನ್ಸ್ ಕಪ್. ಶುರುವಾದದ್ದು 1977ರಲ್ಲಿ. 1932ರಲ್ಲಿ ಫಿಬಾ ಕಟ್ಟಿದವರಲ್ಲಿ ಒಬ್ಬರಾಗಿ, ಮುಂದೆ ದಶಕಗಳ ಕಾಲ ಅದರ ಕಾರ್ಯದರ್ಶಿಯಾಗಿದ್ದ ವಿಲಿಯಂ ಜೋನ್ಸ್ ಅವರ ಹೆಸರು ಅದಕ್ಕೆ. 2017ರ ಜುಲೈನಲ್ಲಿ ಅಲ್ಲಿ ಪುರುಷರ 10 ತಂಡಗಳಿದ್ದವು, ಭಾರತವೂ ಒಂದು. ಒಂಬತ್ತು ದಿನದಲ್ಲಿ ಪ್ರತಿ ತಂಡಕ್ಕೂ 9 ಪಂದ್ಯ. ಗೆದ್ದವರು ಕೆನಡಾದಿಂದ ಬಂದವರು. ಅತಿಥೇಯರ ಜಾಣತನ ನೋಡಿ, ಅವರು ಒಂದಲ್ಲ, ಎರಡು ತಂಡ ಇಳಿಸಿದ್ದರು. ಮನೆಯಲ್ಲೇ ಮದುವೆ ಇರುವಾಗ ನಮ್ಮ ಹುಡುಗರನ್ನೇಕೆ ಬೆಂಚಿನ ಮೇಲೆ ಕೂರಿಸಬೇಕು ಎಂಬ ಲೆಕ್ಕ.

ಅಲ್ಲಿಂದ ಬಂದ ನಮ್ಮ ತಂಡ ಮರುತಿಂಗಳು ಲೆಬನಾನಿನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಗುಂಪಿನ ಮೂರೂ ಪಂದ್ಯ ಸೋತಿತು. ಹಾಗಾದರೆ ಒಂಬತ್ತು ಪಂದ್ಯ ಆಡಿ ಬಂದದ್ದು ದಂಡವೇ ಎಂದು ನೀವು ಕೇಳಬಹುದು. ಆಹ್ವಾನಿತ ಪಂದ್ಯಾವಳಿ ಮಂತ್ರದಂಡವಲ್ಲ. ವರ್ಷದ ಮಿಕ್ಕ ಹನ್ನೊಂದು ತಿಂಗಳ ಕೊರತೆಯನ್ನು ಒಂಬತ್ತು ದಿನ ತುಂಬಲಾರದು. ಆದರೆ ಕೊರತೆ ಎಲ್ಲಿದೆ ಎಂದು ತೋರಿಸುತ್ತದೆ. ಜ್ವರ ಅಳೆಯುವ ಕಡ್ಡಿಯಿಂದ ಜ್ವರ ಇಳಿಯುವುದಿಲ್ಲ; ಹಾಗೆಂದು ಯಾರೂ ಅದನ್ನು ಬಿಸಾಡುವುದಿಲ್ಲ.

ಸೋಲನ್ನು ಬೇಕೆಂದೇ ಕರೆತಂದವರೂ ಇದ್ದಾರೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಅಮೆರಿಕ ಕಳಿಸಿದ ತಂಡಕ್ಕೆ ‘ಡ್ರೀಮ್ ಟೀಮ್’ ಎಂದೇ ಹೆಸರು. ಮೈಕೆಲ್ ಜೋರ್ಡಾನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಎಲ್ಲ ಒಂದೇ ತಂಡದಲ್ಲಿ. ಆ ವರ್ಷ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ನಡೆದ ಅಭ್ಯಾಸದ ಆಟಕ್ಕೆ ತರಬೇತುದಾರ ಚಕ್ ಡೇಲಿ ಕಾಲೇಜು ಹುಡುಗರ ತಂಡವೊಂದನ್ನು ಕರೆಸಿದರು. ಕಾಲೇಜು ಹುಡುಗರು 62-54ರಿಂದ ಗೆದ್ದುಬಿಟ್ಟರು! ಜೋರ್ಡಾನ್‌ರನ್ನು ಸಾಕಷ್ಟು ಹೊತ್ತು ಹೊರಗೆ ಕೂರಿಸಿ ಡೇಲಿ ಬೇಕೆಂದೇ ಸೋಲಲು ಬಿಟ್ಟರು ಎಂದು ಅವರ ಸಹಾಯಕರೊಬ್ಬರು ವರ್ಷಗಳ ನಂತರ ಹೇಳಿದ್ದುಂಟು. ನಿಜವೋ ಸಮಾಧಾನಕ್ಕೆ ಹೇಳಿದ್ದೋ, ಅಂತೂ ಬಾರ್ಸಿಲೋನಾದಲ್ಲಿ ಆ ತಂಡ ಆಡಿದ ಎಂಟೂ ಪಂದ್ಯ ಗೆದ್ದಿತು. ಗೆಲುವಿನ ಅಂತರ ಸರಾಸರಿ 44 ಅಂಕ. ಫೈನಲ್‌ನಲ್ಲಿ ಕ್ರೊಯೇಷಿಯಾ ವಿರುದ್ಧ 117-85.

ಇನ್ನು ನಮ್ಮ ರಾಜ್ಯಕ್ಕೇ ಬರೋಣ. 2017ರ ಜುಲೈ 23ರಿಂದ 29ರವರೆಗೆ ಮಹಿಳೆಯರ ಏಷ್ಯಾ ಕಪ್ ಬೆಂಗಳೂರಿನಲ್ಲಿ ನಡೆಯಿತು. ಮೇಲಿನ ಎಂಟು ತಂಡಗಳು ‘ಎ’ ವಿಭಾಗದಲ್ಲಿ, ಉಳಿದ ಏಳು ‘ಬಿ’ ವಿಭಾಗದಲ್ಲಿ. ಭಾರತ ‘ಬಿ’ಯಲ್ಲಿತ್ತು. ಫೈನಲ್‌ನಲ್ಲಿ ನಮ್ಮ ಹುಡುಗಿಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿ ‘ಎ’ ವಿಭಾಗಕ್ಕೆ ಬಡ್ತಿ ಪಡೆದರು. ಎರಡು ಅಂಕವೆಂದರೆ ಒಂದೇ ಒಂದು ಬುಟ್ಟಿ. ಅದೇ ಕೂಟದ ‘ಎ’ ವಿಭಾಗದ ಫೈನಲ್ ಇನ್ನೂ ಬಿಗಿ: ಜಪಾನ್ 74, ಆಸ್ಟ್ರೇಲಿಯ 73. ಎರಡು ವರ್ಷದ ನಂತರ, 2019ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬೆಂಗಳೂರಿನಲ್ಲೇ ಏಷ್ಯಾ ಕಪ್ ನಡೆದಾಗ ಭಾರತ ಎಂಟು ತಂಡಗಳಲ್ಲಿ ಎಂಟನೆಯದಾಯಿತು. ‘ಬಿ’ಯಲ್ಲಿ ಮೊದಲಿಗರಾಗುವುದಕ್ಕೂ ‘ಎ’ಯಲ್ಲಿ ನಿಂತು ಆಡುವುದಕ್ಕೂ ನಡುವಿನ ಕಂದಕ ಅಷ್ಟು ಆಳ. ಜಿಲ್ಲೆಯಲ್ಲಿ ಗೆದ್ದು ವಿಭಾಗ ಮಟ್ಟದಲ್ಲಿ ಮುಗ್ಗರಿಸುವ ನಮ್ಮ ಶಾಲೆಯ ಹುಡುಗಿಯರ ಕಥೆಯೂ ಇದೇ ಅಲ್ಲವೆ?

ಮನೆಯಲ್ಲಿ ‘ನಮ್ಮ ಹುಡುಗಿ ಗಿಡ್ಡ, ಬ್ಯಾಸ್ಕೆಟ್‌ಬಾಲ್ ಅವಳಿಗಲ್ಲ’ ಎನ್ನುವ ಅಮ್ಮಂದಿರು ಜಪಾನಿನ ಆ ತಂಡವನ್ನು ಗಮನಿಸಬೇಕು. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಹಿಳೆಯರು ಬೆಳ್ಳಿ ಗೆದ್ದರು. ಅಲ್ಲಿದ್ದ ಅತ್ಯಂತ ಗಿಡ್ಡ ತಂಡಗಳಲ್ಲಿ ಅದೂ ಒಂದು. ಬುಟ್ಟಿ ಇರುವುದು 3.05 ಮೀಟರ್ ಎತ್ತರದಲ್ಲಿ, ಅದನ್ನು ಯಾರೂ ಇಳಿಸಿಕೊಡಲಿಲ್ಲ. ಅವರು ದೂರದಿಂದ, 6.75 ಮೀಟರ್ ಗೆರೆಯ ಆಚೆಯಿಂದ ಎಸೆದು ಮೂರು ಮೂರು ಅಂಕ ಗಳಿಸುವುದನ್ನು ಕಲಿತರು. ಎತ್ತರದವರು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಓಡಿ ಮುಗಿಸುವುದನ್ನೂ ಕಲಿತರು.

ನಾಕೌಟ್ ಪದ್ಧತಿ ಮಾಡುವ ಇನ್ನೊಂದು ಅನ್ಯಾಯವಿದೆ. ಅದು ಕಾಣಬೇಕಾದರೆ ಅಂಕಣವನ್ನು ಬಿಟ್ಟು ಬೆಂಚಿನ ಕಡೆ ನೋಡಬೇಕು. ತಂಡದಲ್ಲಿ 12 ಮಂದಿ, ಆಡುವವರು 5. ಬ್ಯಾಸ್ಕೆಟ್‌ಬಾಲಿನಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಆದರೆ ಸೋತರೆ ಮನೆಗೆ ಎಂದಾಗ ಯಾವ ಮೇಷ್ಟ್ರು ತಾನೆ ಒಂಬತ್ತನೆಯ ಹುಡುಗನನ್ನು ಇಳಿಸುವ ಧೈರ್ಯ ಮಾಡಿಯಾರು? ಒಳ್ಳೆಯ ಐವರೇ ಕೊನೆಯವರೆಗೂ ಓಡುತ್ತಾರೆ. ಯಾರಾದರೂ ಐದು ಫೌಲ್ ಮಾಡಿ ಹೊರಬಂದರೆ ಮಾತ್ರ ಆರನೆಯವನಿಗೆ ಯೋಗ. ಉಳಿದವರು ಹೊಸ ಜರ್ಸಿ ತೊಟ್ಟು, ನೀರಿನ ಬಾಟಲಿ ಹಿಡಿದು, ಚಪ್ಪಾಳೆ ತಟ್ಟಿ ಬರುತ್ತಾರೆ. ಸಂಜೆ ಅಪ್ಪ ‘ಹೇಗೆ ಆಡಿದೆಯೋ?’ ಎಂದರೆ ಮಗ ‘ಸೋತೆವು’ ಎನ್ನುತ್ತಾನೆ. ಆಡಲೇ ಇಲ್ಲ ಎಂದು ಹೇಳಲು ಸಂಕೋಚ.

ಈ ಆಟ ಹುಟ್ಟಿದ್ದು ಒಬ್ಬ ಡ್ರಿಲ್ ಮೇಷ್ಟ್ರ ತಲೆಯಿಂದ ಎಂಬುದನ್ನು ಇಲ್ಲಿ ನೆನೆಯಬೇಕು. 1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕೊರೆಯುವ ಚಳಿ. ಹೊರಗೆ ಆಡುವಂತಿಲ್ಲ, ಒಳಗೆ ಕಸರತ್ತು ಮಾಡಿ ಮಾಡಿ ಹುಡುಗರಿಗೆ ಬೇಸರ. ಜೇಮ್ಸ್ ನೇಯ್ಸ್‌ಮಿತ್ ಎಂಬ ಶಿಕ್ಷಕರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎರಡು ಕಡೆ ಮೊಳೆ ಹೊಡೆದು ನಿಲ್ಲಿಸಿದರು. ತರಗತಿಯಲ್ಲಿದ್ದವರು 18 ಮಂದಿ. ಒಂಬತ್ತು ಒಂಬತ್ತಾಗಿ ಹಂಚಿ ಆಡಿಸಿದರು. ಬೆಂಚಿನ ಮೇಲೆ ಒಬ್ಬನೂ ಇರಲಿಲ್ಲ.

ಈಗ ನಮ್ಮ ಊರುಗಳ ಮಾತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ – ನಾಲ್ಕು ಊರು, ಊರಿಗೊಂದು ತಂಡ. ಎಲ್ಲರೂ ಎಲ್ಲರೊಡನೆ ಆಡಿದರೆ ಒಟ್ಟು ಆರೇ ಪಂದ್ಯ. ಪ್ರತಿ ತಂಡಕ್ಕೆ ಮೂರು. ಶನಿವಾರ ಬೆಳಿಗ್ಗೆ ಎರಡು ಪಂದ್ಯ, ಬಿಸಿಲು ಇಳಿದ ಮೇಲೆ ಎರಡು, ಭಾನುವಾರ ಬೆಳಿಗ್ಗೆ ಎರಡು. ಮೂರು ವರ್ಷದಲ್ಲಿ ಮೂರು ಪಂದ್ಯ ಆಡಿದ ನಮ್ಮ ಆ ಹುಡುಗಿ ಇಲ್ಲಿ ಒಂದೂವರೆ ದಿನದಲ್ಲಿ ಮೂರು ಪಂದ್ಯ ಆಡುತ್ತಾಳೆ. ವರ್ಷಕ್ಕೆ ನಾಲ್ಕು ಸಲ ಹೀಗೆ ಸೇರಿದರೆ ಹನ್ನೆರಡು. ನಾಲ್ಕು ಊರಿಗೂ ಒಳ್ಳೆಯ ಅಂಕಣ ಬೇಕೆಂದಿಲ್ಲ. ಎಲ್ಲಾದರೂ 28 ಮೀಟರ್ ಉದ್ದ, 15 ಮೀಟರ್ ಅಗಲದ ಒಂದು ಅಂಕಣ, ಅಲ್ಲಾಡದ ಎರಡು ಕಂಬ ಇದ್ದರೆ ಆಯಿತು. ಸರ್ಕಾರದ ಅನುದಾನ ಬರಲಿ ಎಂದು ಕಾಯುವ ಕೆಲಸವೂ ಅಲ್ಲ. ವಾಣಿವಿಲಾಸ ಸಾಗರ ಕೋಡಿ ಬೀಳುವುದನ್ನು ನೋಡಲು 1933ರಿಂದ 2022ರವರೆಗೆ ಕಾದವರು ನಾವು. ಕಾಯುವುದು ನಮಗೆ ಹೊಸದಲ್ಲ, ನಿಜ. ಆದರೆ ಎಂಟನೇ ತರಗತಿಯ ಮಗು ಎಂಟನೇ ತರಗತಿಯಲ್ಲಿರುವುದು ಒಂದೇ ವರ್ಷ.

ಕಲಿಸುವವರು ಎಲ್ಲಿ ಎನ್ನುವಿರಾ? ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯನ್ನು ಮರೆತು ಆ ಮಾತು ಆಡಬಾರದು. ‘ತಿರುಕ’ ಎಂದು ತಮ್ಮನ್ನು ಕರೆದುಕೊಂಡ ರಾಘವೇಂದ್ರ ಸ್ವಾಮೀಜಿ ಅನಾಥಸೇವಾಶ್ರಮ ಕಟ್ಟಿ, 1996ರಲ್ಲಿ ತೀರಿಕೊಳ್ಳುವವರೆಗೂ ಯೋಗ, ವ್ಯಾಯಾಮಗಳನ್ನೇ ಉಸಿರಾಡಿದವರು. ಊರೂರಿಗೆ ಹೋಗಿ ಶಿಬಿರ ನಡೆಸಿ ಬಂದವರಿಗೆಲ್ಲ ಕಲಿಸಿದರು. ಅಲ್ಲಿ ತರಬೇತಾದ ದೈಹಿಕ ಶಿಕ್ಷಕರು ರಾಜ್ಯದ ಎಷ್ಟೋ ಶಾಲೆಗಳಲ್ಲಿ ಸೀಟಿ ಊದಿದ್ದಾರೆ. ಡ್ರಿಲ್ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕಸಿದುಕೊಳ್ಳುವ ಕಾಲದಲ್ಲಿ, ನಿವೃತ್ತರಾಗಿ ಮನೆಯಲ್ಲಿರುವ ಇಂಥ ಒಬ್ಬಿಬ್ಬರು ಗುರುಗಳನ್ನು ರೆಫರಿಗಳಾಗಿ ಕರೆದರೆ ಅವರಿಗೂ ಸಂತೋಷ.

ತಂದೆತಾಯಿಗಳು ಕೇಳುವ ದೊಡ್ಡ ಪ್ರಶ್ನೆ ಒಂದೇ: ‘ಇದರಿಂದ ಮುಂದೇನು?’ ಮುಚ್ಚುಮರೆ ಬೇಡ. ಬ್ಯಾಸ್ಕೆಟ್‌ಬಾಲ್ ಆಡಿ ಜೀವನ ಸಾಗಿಸುವವರು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ರೈಲ್ವೆಯಂಥ ಕಡೆ ಆಟಗಾರರಿಗೆ ಕೆಲಸ ಸಿಗುತ್ತದೆ, ವೃತ್ತಿ ಕಾಲೇಜುಗಳಲ್ಲಿ ಕ್ರೀಡಾ ಕೋಟಾದ ಸೀಟುಗಳೂ ಇವೆ. ಆದರೆ ಅವು ಎಷ್ಟು ಕಡಿಮೆಯೆಂದರೆ, ಅದನ್ನೇ ನೆಚ್ಚಿಕೊಂಡು ಮಗುವಿನ ಕೈಗೆ ಚೆಂಡು ಕೊಡುವುದು ಲಾಟರಿ ಟಿಕೆಟ್ ಕೊಟ್ಟ ಹಾಗೆ. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ ಅಮೆರಿಕದ ಎನ್‌ಬಿಎ ತಂಡವೊಂದಕ್ಕೆ ಆಯ್ಕೆಯಾದಾಗ ದೇಶವೇ ಹಿಗ್ಗಿತು. ಅಂಥ ಗೌರವ ಪಡೆದ ಮೊದಲ ಭಾರತೀಯ ಆತ. ಆದರೆ ಅವನ ಎತ್ತರ ಏಳು ಅಡಿಗೂ ಮೇಲು. ನಮ್ಮ ನಿಮ್ಮ ಮಕ್ಕಳಿಗೆ ಅವನ ಉದಾಹರಣೆ ಹೇಳಿ ಉಪಯೋಗವಿಲ್ಲ.

ನಿಜವಾದ ತೀರ್ಮಾನ ಎದುರಾಗುವುದು ಬೇರೆ ಕಡೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಶಾಲೆ, ಕ್ರೀಡಾ ನಿಲಯಗಳಿಗೆ 5ನೇ ತರಗತಿಗೆ, 8ನೇ ತರಗತಿಗೆ ಮಕ್ಕಳನ್ನು ಆರಿಸುವ ಪ್ರಕಟಣೆ ಬರುತ್ತದೆ. ಮಗು ಆಯ್ಕೆಯಾದರೆ ಊಟ, ವಸತಿ, ತರಬೇತಿ ಎಲ್ಲ ಸರ್ಕಾರದ್ದು. ಆದರೆ ಹನ್ನೆರಡು ಹದಿಮೂರು ವರ್ಷದ ಹುಡುಗಿಯನ್ನು ಮನೆಯಿಂದ ದೂರ ಕಳಿಸಬೇಕು. ಕಳಿಸುವುದೋ ಬೇಡವೋ? ಅಜ್ಜಿ ಬೇಡ ಎನ್ನುತ್ತಾರೆ, ಮೇಷ್ಟ್ರು ಕಳಿಸಿ ಎನ್ನುತ್ತಾರೆ, ಹುಡುಗಿ ಒಂದು ದಿನ ಹೂಂ, ಒಂದು ದಿನ ಉಹೂಂ. ಆಯ್ಕೆಯ ದಿನ ಎತ್ತರ ಅಳೆದು ಓಡಿಸಿ ನೋಡಿದರೆ ಮೈಯ ಕಸುವು ತಿಳಿದೀತು. ಈ ಮಗುವಿಗೆ ಆಟ ನಿಜವಾಗಿ ಎಷ್ಟು ಬೇಕು ಎಂಬುದು ತಿಳಿಯದು.

ಅದು ತಿಳಿಯುವುದು ಭಾನುವಾರ ಬೆಳಿಗ್ಗೆ. ಶನಿವಾರ ಸಂಜೆ 20 ಅಂಕಗಳಿಂದ ಸೋತು, ಕಣ್ಣಲ್ಲಿ ನೀರು ತುಂಬಿಕೊಂಡು ಮಲಗಿದ ಹುಡುಗಿ ಮರುದಿನ ಆರೂವರೆಗೆ ತಾನಾಗಿ ಎದ್ದು ಶೂ ಲೇಸು ಕಟ್ಟುತ್ತಾಳೆಯೆ, ಅಥವಾ ಹೊಟ್ಟೆನೋವು ಎನ್ನುತ್ತಾಳೆಯೆ? ನಾಕೌಟ್ ಕೂಟದಲ್ಲಿ ಆ ಬೆಳಗೇ ಬರುವುದಿಲ್ಲ. ಲೀಗ್ ಇದ್ದರೆ ಬರುತ್ತದೆ. ಅಂಥ ನಾಲ್ಕಾರು ಬೆಳಗುಗಳನ್ನು ಅಪ್ಪ ಅಮ್ಮ ಕಣ್ಣಾರೆ ನೋಡಿದರೆ, ಹಾಸ್ಟೆಲಿನ ಅರ್ಜಿಗೆ ಸಹಿ ಹಾಕುವಾಗ ಕೈ ಅಷ್ಟು ನಡುಗದು. ಸಹಿ ಹಾಕದಿರಲು ನಿರ್ಧರಿಸಿದರೂ ಮಗುವಿಗೆ ಕಾರಣ ಹೇಳಬಹುದು. ಹೊಟ್ಟೆನೋವು ಎಂದ ಮಗುವನ್ನು ಗದರಿಸಬೇಡಿ. ಅದಕ್ಕೆ ಚೆಂಡಿಗಿಂತ ತಬಲಾ ಇಷ್ಟವಿರಬಹುದು, ಸಾಣೇಹಳ್ಳಿಯ ನಾಟಕ ಇಷ್ಟವಿರಬಹುದು. ಅದನ್ನು ತಿಳಿದುಕೊಂಡದ್ದೂ ಲಾಭವೇ.

ಶಾಲೆಗಳಿಂದ ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ಆಹ್ವಾನಪತ್ರದಲ್ಲಿ ಮೂರು ಸಂಗತಿ ಬರೆದುಬಿಡಿ. ಒಂದು, ಅಂಕಪಟ್ಟಿ ಫಿಬಾ ಪದ್ಧತಿಯಂತೆ, ಅಂದರೆ ಸೋತರೂ ಒಂದು ಅಂಕ. ಎರಡು, ಪ್ರತಿ ಪಂದ್ಯದಲ್ಲೂ ಹನ್ನೆರಡು ಮಂದಿಯೂ ಒಂದಷ್ಟು ಹೊತ್ತು ಆಡಲೇಬೇಕು. ಇದು ಫಿಬಾ ನಿಯಮವಲ್ಲ, ನಮ್ಮ ನಾಲ್ಕು ಊರಿನ ನಿಯಮ. ಮೂರು, ಆಳೆತ್ತರದ ಟ್ರೋಫಿ ಬೇಡ. ಆ ದುಡ್ಡಿನಲ್ಲಿ ಎರಡು ಒಳ್ಳೆಯ ಚೆಂಡು ಬರುತ್ತದೆ. ಹುಡುಗರಿಗೆ 7ನೇ ಅಳತೆಯದು, ಹುಡುಗಿಯರಿಗೆ 6ನೆಯದು. ಉಳಿದದ್ದಕ್ಕೆ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ.

ಚಳ್ಳಕೆರೆ, ಮೊಳಕಾಲ್ಮೂರಿನವರು ಮುನಿಸಿಕೊಳ್ಳಬೇಡಿ. ನೀವೂ ಸೇರಿ ಆರು ತಂಡವಾದರೆ ಪಂದ್ಯಗಳು ಹದಿನೈದಾಗುತ್ತವೆ, ಒಂದೂವರೆ ದಿನ ಸಾಲದು. ದಸರಾ ರಜೆಗೆ ಇಟ್ಟುಕೊಳ್ಳೋಣ. ನಾಲ್ಕು ತಂಡಗಳ ಕೂಟವಾದರೆ ಭಾನುವಾರದ ಪಂದ್ಯಗಳು ಹನ್ನೊಂದಕ್ಕೆಲ್ಲ ಮುಗಿಯುತ್ತವೆ. ಹೊಸದುರ್ಗದ ಮಕ್ಕಳು ಮಧ್ಯಾಹ್ನದ ಬಸ್ಸಿಗೆ ಹೊರಟರೂ ಸೋಮವಾರದ ಟೆಸ್ಟಿಗೆ ಓದಿಕೊಳ್ಳಲು ಸಂಜೆ ಪೂರ್ತಿ ಉಳಿಯುತ್ತದೆ.